ಇಳಿಭುಜ

ಮೊದಲು ಭುಜ ನೋಡು, ಎನ್ನುತ್ತಿದ್ದ ಅಪ್ಪ.
ಪರಿಮಳ ಆಮೇಲೆ. ಪರಿಮಳ ಕುರುಡನಿಗೂ ಸಿಗುತ್ತದೆ.

ಅಕ್ಕಪಕ್ಕದ ಎರಡೆಸಳು ನೇರ ಅಡ್ಡಕ್ಕೆ ಚಾಚಿದ್ದರೆ
ಅದು ಸಮಭುಜ.
ತುಸು ಮೇಲೆದ್ದಿದ್ದರೆ ಹಾರುಭುಜ,
ಅಂಥದ್ದು ಸಿಕ್ಕರೆ ಯಾರಿಗೂ ಹೇಳಬೇಡ.
ಕೆಳಗೆ ಜೋತಿದ್ದರೆ ಇಳಿಭುಜ:
ಸಂತೆಯ ಮೂಲೆಯಲ್ಲಿ ಮೂಲಂಗಿಯ ಪಕ್ಕ ಇಟ್ಟು
ಕೇಳಿದಷ್ಟಕ್ಕೆ ಕೊಟ್ಟುಬಿಡು.

ಶಾವ್‌ಶಿಂಗ್‌ನ ತೆಂಕಣ ಗುಡ್ಡಗಳಲ್ಲಿ
ನಾವು ಮಗ್ಗಿಗಿಂತ ಮುಂಚೆ ಇದನ್ನು ಕಲಿತೆವು.
ಸಾಂಗ್‌ಮೇ ಅಂದರೆ ಗಿಡ್ಡ ಗುಂಡು ಎಸಳು,
ತುದಿಯಲ್ಲಿ ಯಾರೋ ಚಿವುಟಿ ಬಿಟ್ಟ ಹಾಗೆ ಬಿಗಿ,
ಪ್ಲಮ್ ಹೂವಿನ ತಂಗಿಯೇ ಸರಿ.
ಲೋಂಗ್‌ಜ಼ ಎತ್ತರದವಳು, ನಾಲಿಗೆಯ ಮೇಲೆ
ಮೂರು ಕೆಂಪು ಬೊಟ್ಟು, ಮೇಲೆರಡು, ಕೆಳಗೊಂದು.
ದಾಫೂಗ್ವೇ ತಾವರೆಯೆಸಳಿನವನು, ಉಂಡು ತೇಗಿದ ಸಾಹುಕಾರ,
ಅಗಲ ನಾಲಿಗೆ ಹೊರಗೆ ಹಾಕಿ ಕೂತಿರುತ್ತಾನೆ.
ಇನ್ನು ಶುದ್ಧಹೃದಯದವು ಬೇರೆ:
ನಾಲಿಗೆಯ ಮೇಲೆ ಒಂದೂ ಕಲೆಯಿಲ್ಲ.
ಅಂಥ ಗಂಡಸರು ಯಾವ ಗುಡ್ಡದಲ್ಲಿ ಸಿಗುತ್ತಾರೆ, ಕೇಳುತ್ತಿದ್ದಳು ಅಮ್ಮ.

ಅಪ್ಪನ ಹೆಸರು ಷೌ ಗೆನ್‌ಫಾ. ಹೆಸರಿನೊಳಗೇ ಬೇರಿದೆ.
ಮೂವತ್ತು ವರ್ಷ ಅಡ್ಡೆಯಲ್ಲಿ ಕಳಲೆ ಹೊತ್ತು
ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ.
ಚಳಿಗಾಲದ ಕೋಟಿಗೆ ಅಮ್ಮ ಆ ಕಡೆ ಮಾತ್ರ
ಹಿಡಿ ಹತ್ತಿ ತುರುಕಿ ಹೊಲಿಯುತ್ತಿದ್ದಳು,
ಮದುವೆಮನೆಗಳಲ್ಲಿ ನೆಟ್ಟಗೆ ಕಾಣಲೆಂದು.

ಬೆಲೆಗೆ ಹುಚ್ಚು ಹಿಡಿದ ವರ್ಷ
ಅಪ್ಪ ದೋಣಿ ಮಾರಿ ಒಂದು ಕುಡಿ ತಂದ.
ಒಂದೇ ಕುಡಿ. ನಾಲ್ಕು ಎಲೆ, ಒಂದರ ತುದಿ ಸುಟ್ಟಿತ್ತು.
ಹೊಸ ತಳಿ, ಹೆಸರು ಬೆಳ್ಳಿ ತಕ್ಕಡಿ,
ಭುಜದ ಮೇಲೆ ನೀರಿನ ಬಟ್ಟಲು ಇಟ್ಟರೂ ಚೆಲ್ಲದು,
ಅಂದಿದ್ದನಂತೆ ಮಾರಿದವನು, ಫೋಟೋ ತೋರಿಸಿ.
ಕಬ್ಬಿಣದ ಪಂಜರ ಬಂತು. ನಾಯಿ ಬಂತು.
ಪಂಜರದ ಪಕ್ಕಕ್ಕೆ ಅಪ್ಪನ ಚಾಪೆಯೂ ಹೋಯಿತು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಚಳಿಗಾಲ.
ನಾನು ಹೆರುವ ರಾತ್ರಿ ನೀನು ಇಸ್ಪೀಟಾಡುತ್ತಿದ್ದೆ,
ಅಂದಳು ಅಮ್ಮ.
ಅಪ್ಪ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುತ್ತಲೇ ಇದ್ದ.

ನಾಲ್ಕನೆಯ ವರ್ಷ, ಹೊಸ ವರ್ಷದ ಪಟಾಕಿಯ ಕಾಗದ
ಅಂಗಳದಲ್ಲಿ ಇನ್ನೂ ಕೆಂಪಗೆ ಬಿದ್ದಿರುವಾಗ
ಮೊಗ್ಗಿನ ಕವಚ ಬಿರಿಯಿತು.
ಮೊದಲ ದಿನ: ಎಸಳು ಗುಂಡಗೆ, ದಪ್ಪಗೆ. ಭುಜ
ಬಡಗಿಯ ಅಳತೆಗೋಲು.
ಅಪ್ಪ ನಿಜಕ್ಕೂ ಬಟ್ಟಲು ತರಲು ಒಳಗೆ ಹೋದ. ನಾನೇ ತಡೆದೆ.
ಎರಡನೆಯ ದಿನವೂ ಹಾಗೆಯೇ.
ಹಾಂಗ್‌ಝೌನಿಂದ ವ್ಯಾಪಾರಿ ಯೂ ಹೊರಟಿದ್ದ, ಹಿಮ ಬಿದ್ದು
ಬಸ್ಸು ದಾರಿಯಲ್ಲೇ ನಿಂತಿತು.
ಮೂರನೆಯ ರಾತ್ರಿ ಯಾರೂ ಮುಟ್ಟಲಿಲ್ಲ, ಕಿಟಕಿ ತೆರೆಯಲಿಲ್ಲ.
ಬೆಳಿಗ್ಗೆ ನೋಡಿದರೆ ಎರಡೂ ಎಸಳು
ಮೆಲ್ಲಗೆ, ಬೇಸರವಿಲ್ಲದೆ, ಇಳಿದಿದ್ದವು.

ಯೂ ಬಂದ. ಟಾರ್ಚ್ ಹಿಡಿದು ಒಂದೇ ಸಲ ನೋಡಿದ.
ಚಹಾ ಚೆನ್ನಾಗಿದೆ, ಅಂದ. ಎರಡು ಲೋಟ ಕುಡಿದು ಎದ್ದ.

ಅಪ್ಪ ಜಗಲಿಯಲ್ಲಿ ಕೂತವನು ಏಳಲಿಲ್ಲ.
ಕತ್ತಲಾಗುವ ಹೊತ್ತಿಗೆ ಅಮ್ಮ ಹೊಲಿಗೆಯ ಪೆಟ್ಟಿಗೆ ತಂದಳು.
ಹತ್ತಿಯ ಎರಡು ಚಿಕ್ಕ ಎಳೆ ಕಿತ್ತು
ಹೂವಿನ ಒಂದೊಂದು ಭುಜದ ಕೆಳಗೆ ಇಟ್ಟು,
ತಲೆ ಓರೆ ಮಾಡಿ, ಅಪ್ಪನ ಕೋಟನ್ನೂ ಹೂವನ್ನೂ
ಒಂದರ ಪಕ್ಕ ಒಂದು ನೋಡಿ,
ಹೂಂ, ಈಗ ಕರೆಸು ನಿನ್ನ ವ್ಯಾಪಾರಿಯನ್ನು, ಅಂದಳು.
ಮೊದಲು ನಕ್ಕದ್ದು ಯಾರೋ ನೆನಪಿಲ್ಲ.
ನಾಯಿ ಬೊಗಳಿತು, ಆ ಸದ್ದು ಅದಕ್ಕೆ ಹೊಸತು.

ಪಂಜರದಲ್ಲಿ ಈಗ ಕೋಳಿಮರಿಗಳಿವೆ.
ಕುಡಿ ಹನ್ನೊಂದಾಗಿ ಮೂರು ಕುಂಡ ತುಂಬಿದೆ,
ಬಿದಿರ ಚೀಟಿಯ ಮೇಲಿನ ಹೆಸರು ಅರ್ಧ ಅಳಿಸಿದೆ.
ಪ್ರತಿ ಫೆಬ್ರವರಿ ಅರಳುತ್ತದೆ,
ಎರಡು ದಿನ ಎಲ್ಲರೂ ಹೋಗಿ ನೋಡುತ್ತೇವೆ.
ಮೂರನೆಯ ರಾತ್ರಿ ದೀಪ ಆರಿಸಿ ಬರುತ್ತೇವೆ,
ಅಡ್ಡೆ ಕೆಳಗಿಟ್ಟವರು
ಯಾರೂ ನೋಡದಾಗ ಭುಜ ಬಿಡುತ್ತಾರಲ್ಲ,
ಹಾಗೆ ಬಿಡಲಿ ಎಂದು.